ನಾಲ್ಕು ಸಡಿಲ ಚಾವಿ

ಚಂದ್ರಪ್ಪ ಗಾಳಿ ಕುಡಿಯಲೆಂದು ಒಂದು ದಿನವೂ ನಡೆದವನಲ್ಲ. ನಡೆಯುವುದೆಂದರೆ ಅವನಿಗೆ ಕೆಲಸ. ರೈಲ್ವೆಯಲ್ಲಿ ಮೂವತ್ತೊಂದು ವರ್ಷ ಕೀಮ್ಯಾನ್ ಆಗಿದ್ದ. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರ್, ದಿನಾ ಬೆಳಿಗ್ಗೆ ಹಳಿಯುದ್ದಕ್ಕೂ ಹೋಗುವುದು. ಹಳಿಯನ್ನು ಅದರಡಿಯ ಅಡ್ಡತೊಲೆಗೆ, ಸ್ಲೀಪರಿಗೆ, ಬಿಗಿಹಿಡಿಯುವ ಕಬ್ಬಿಣದ ಬೆಣೆಗೆ ಅವರು ಚಾವಿ ಅನ್ನುತ್ತಾರೆ. ರೈಲು ಓಡಿ ಓಡಿ ಅದು ಸಡಿಲವಾಗುತ್ತದೆ. ಕಂಡಕಂಡಲ್ಲಿ ಬಡಿದು ಕೂರಿಸಬೇಕು. ಅಷ್ಟೇ ಕೆಲಸ. ಬಡಿಯದೆ ಬಿಟ್ಟರೆ ಜನ ಸಾಯುತ್ತಾರೆ.

ಅರಸೀಕೆರೆ ಕಡೆಯಿಂದ ಗ್ಯಾಂಗಿನ ಜೊತೆ ಬಂದವನು ಗಾಜಿಯಾಬಾದಿನಲ್ಲೇ ಉಳಿದ. ಅಲ್ಲಿನ ಇಂದಿರಾಪುರಂ ಬಡಾವಣೆಯ ಹಿಂದೆ ಒಂದು ಗಿರಣಿಗೆ ಹೋಗುವ ಲೈನು ಅವನ ಪಾಲಿಗೆ ಬಂತು. ಗಿರಣಿ ಮುಚ್ಚಿತು. ಗೂಡ್ಸು ಗಾಡಿ ನಿಂತಿತು. ಚಂದ್ರಪ್ಪ ನಿಲ್ಲಲಿಲ್ಲ. ರಿಟೈರಾದ ಮೇಲೂ ಬಜಾರಿನಲ್ಲಿ ಸ್ವಂತ ಸುತ್ತಿಗೆ ಕೊಂಡು ಮುಳ್ಳುಕಂಟಿಯ ನಡುವೆ ಹೋಗಿಬರುತ್ತಿದ್ದ.

"ಆ ಹಳಿಗೇ ತಾಳಿ ಕಟ್ಟಬೇಕಿತ್ತು ನೀವು," ಎಂದು ಹೆಂಡತಿ ಸುಶೀಲಮ್ಮ ಚುಚ್ಚುವಳು.

"ಕಟ್ತಿದ್ದೆ. ನಿಮ್ಮಪ್ಪ ಮೊದಲು ಬಂದು ಕೇಳ್ಬಿಟ್ರು."

ಎರಡು ವರ್ಷದ ಹಿಂದೆ ಆ ಲೈನನ್ನು ವಾಕಿಂಗ್ ಪಾರ್ಕು ಮಾಡಿದರು. ಹಳಿ ಕಿತ್ತು ಲಾರಿಗೆ ತುಂಬಿದರು. ಕೆಂಪು ಹಾದಿ ಬಂತು, ಬೆಂಚು ಬಂತು, ಮರಮರಕ್ಕೆ ಸ್ಪೀಕರ್ ಬಂತು. ಗೇಟಿನ ಹತ್ತಿರ ಮಾತ್ರ ಇಪ್ಪತ್ತು ಅಡಿ ಹಳಿ ಉಳಿಸಿ ಹಳದಿ ಬಣ್ಣ ಬಳಿದರು, ಜನ ನಿಂತು ಫೋಟೋ ತೆಗೆಸಿಕೊಳ್ಳಲಿ ಅಂತ. ಚಂದ್ರಪ್ಪ ನೋಡಿಬಂದು ಊಟಕ್ಕೆ ಕೂತ. ಅನ್ನ ಕಲಸುತ್ತಲೇ ಇದ್ದ.

"ನಾಲ್ಕು ಚಾವಿ ಸಡಿಲ ಇವೆ ಕಣೆ."

"ಅಲ್ಲಿ ಯಾವ ರೈಲು ಬರುತ್ತೆ?"

"ರೈಲು ಬರಲ್ಲ ಅಂತ ಸಡಿಲ ಬಿಡ್ತಾರಾ?"

ಮಾರನೆಯ ಬೆಳಿಗ್ಗೆ ಸುತ್ತಿಗೆ ಹಿಡಿದು ಹೋದ. ಎರಡು ಚಾವಿ ಬಡಿದಾಗಿತ್ತು. ಮೂರನೆಯದಕ್ಕೆ ಕೈ ಎತ್ತುವಾಗ ಪಾರ್ಕಿನ ಗಾರ್ಡ್ ಅನೂಪ್ ಓಡಿಬಂದು ಕೊರಳಪಟ್ಟಿ ಹಿಡಿದ. ಕಬ್ಬಿಣ ಕಳ್ಳ ಅಂದ. ಸುತ್ತಿಗೆ ಕೈಯಲ್ಲಿದ್ದ ಹಾಗೇ ಮೊಬೈಲಿನಲ್ಲಿ ಫೋಟೋ ತೆಗೆದ. ಸಂಜೆಯೊಳಗೆ ಅದನ್ನು ಗಾರ್ಡ್ ಕೋಣೆಯ ಗಾಜಿಗೆ ಅಂಟಿಸಿದರು. ಕೆಳಗೆ ಹಿಂದಿಯಲ್ಲಿ, ಇವನನ್ನು ಒಳಗೆ ಬಿಡಬೇಡಿ ಎಂದು.

"ಚಾಚೀ, ಚಾಚಾ ಫೇಮಸ್ ಆಗ್ಬಿಟ್ರು," ಎಂದು ಹಾಲಿನವನು ನಕ್ಕ.

ಚಂದ್ರಪ್ಪ ಹೊರಗೆ ಹೋಗುವುದನ್ನೇ ಬಿಟ್ಟ. ಇಲಾಖೆಯ ಒಂದು ಬೋಲ್ಟನ್ನೂ ಮನೆಗೆ ತಂದವನಲ್ಲ. ಒಲೆ ಊದಲು ಒಂದು ತುಂಡು ಪೈಪು ತನ್ನಿ ಎಂದು ಸುಶೀಲಮ್ಮ ಕೇಳಿದಾಗ ಅಂಗಡಿಯಿಂದ ಕೊಂಡು ತಂದಿದ್ದ. ಅದನ್ನು ಯಾರಿಗೆ ಹೇಳುವುದು? ಗೋಡೆಗೆ ಮುಖ ಮಾಡಿ ಮಲಗಿದ.

ಹೇಗಾದರೂ ಆ ಫೋಟೋವನ್ನು ಗಾಜಿನಿಂದ ತೆಗೆಸಬೇಕು ಎಂದು ಸುಶೀಲಮ್ಮ ಪಾರ್ಕಿನ ಆಫೀಸಿಗೆ ಹೋದಳು. ಮ್ಯಾನೇಜರು ತನುಶ್ರೀ ಅನ್ನುವ ಹುಡುಗಿ. ಸುಶೀಲಮ್ಮನ ಮುರುಕು ಹಿಂದಿ ಕೇಳಿ ಕುರ್ಚಿಯಿಂದ ಎದ್ದಳು.

"ಅಯ್ಯೋ ಆಂಟಿ, ಕನ್ನಡದೋರಾ? ನಮ್ದು ಮೈಸೂರು. ಕೂತ್ಕೊಳ್ಳಿ."

ಸುಶೀಲಮ್ಮನಿಗೆ ಅಳು ಬಂತು. ಎಲ್ಲ ಹೇಳಿದಳು.

"ನಂಗೆ ಅರ್ಥ ಆಗುತ್ತೆ ಆಂಟಿ. ಆದ್ರೆ ಸುಮ್ನೆ ತೆಗೆದ್ರೆ ಮೇಲಿನೋರು ಕೇಳ್ತಾರೆ. ತಪ್ಪಾಯ್ತು ಅಂತ ಅಂಕಲ್ ಒಂದು ಅರ್ಜಿ ಕೊಡ್ಲಿ. ತೆಗೆಸ್ತೀನಿ."

ಚಂದ್ರಪ್ಪ ಒಪ್ಪಲಿಲ್ಲ. "ಚಾವಿ ಬಡಿದದ್ದು ತಪ್ಪು ಅಂತ ನಾನು ಸಹಿ ಹಾಕಬೇಕಾ? ಹೋಗೆ."

ಸುಶೀಲಮ್ಮ ಹೋದಳು. ಜೆರಾಕ್ಸ್ ಅಂಗಡಿಯವನ ಹತ್ತಿರ ಹಿಂದಿಯಲ್ಲಿ ಅರ್ಜಿ ಬರೆಸಿದಳು. ಅವನು ಏನು ಬರೆದ ಎಂದು ಕೇಳಲಿಲ್ಲ. ಅವಳು ಓದಿದ್ದು ಮೂರನೇ ಕ್ಲಾಸು, ಅದೂ ಕನ್ನಡ. ಕೆಳಗೆ ಚಂದ್ರಪ್ಪ ಎಂದು ತಾನೇ ಬರೆದು ಕೊಟ್ಟು ಬಂದಳು.

ಎರಡು ದಿನಕ್ಕೆ ಫೋಟೋ ಹೋಯಿತು.

"ಅವರಿಗೇ ಗೊತ್ತಾಯ್ತಂತೆ ಕಣ್ರೀ, ನೀವು ಅಂಥೋರಲ್ಲ ಅಂತ," ಎಂದಳು.

ಚಂದ್ರಪ್ಪ ಗಡ್ಡ ಹೆರೆದುಕೊಂಡ. ಒಗೆದ ಅಂಗಿ ಹಾಕಿಕೊಂಡು ಪಾರ್ಕಿಗೆ ಹೋದ. ಅರ್ಧ ಗಂಟೆಯಲ್ಲಿ ವಾಪಸ್ ಬಂದ. ಬಾಗಿಲಲ್ಲೇ ನಿಂತ.

"ಅನೂಪ್ ಕಾಗದ ತೋರಿಸಿದ. ಚಾಚಾ, ನೀವೇ ಬರೆದುಕೊಟ್ಟ ಮೇಲೆ ಮುಗೀತಲ್ಲ, ಬನ್ನಿ ಅಂದ. ಸಹಿ ನಿಂದಾ?"

"ಫೋಟೋ ಹೋದ್ರೆ ಸಾಕು ಅನ್ನಿಸ್ತು."

"ಏನು ಬರೆದಿದೆ ಗೊತ್ತಾ? ಕದಿಯೋಕೆ ಬಂದಿದ್ದೆ, ಇನ್ನು ಕದಿಯಲ್ಲ, ಅಂತ."

ಜೆರಾಕ್ಸಿನವನು ಎಲ್ಲರಿಗೂ ಬರೆಯುವ ಹಾಗೆ ಬರೆದಿದ್ದ.

"ಕಳ್ಳ ಅಂತ ಅಂದಿದ್ದು ಅವರು," ಎಂದ ಚಂದ್ರಪ್ಪ. "ಹೌದು ಅಂತ ಬರೆದುಕೊಟ್ಟಿದ್ದು ನೀನು."

ಅವನು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಬಡಿಸಿದ್ದು ಉಣ್ಣುತ್ತಿದ್ದ, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದ. ಜನವರಿಯ ಮಂಜಿನಲ್ಲಿ ಎದೆ ಕಟ್ಟಿತು. ಆಸ್ಪತ್ರೆಯಲ್ಲಿ ಮೂರು ದಿನ. ಸುಶೀಲಮ್ಮ ಅವನ ಕೈ ಹಿಡಿದು ಕೂತಿದ್ದಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಹಿಡಿಯಲೂ ಇಲ್ಲ.

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಅವಳು ಮತ್ತೆ ಪಾರ್ಕಿನ ಆಫೀಸಿಗೆ ಹೋದಳು. ತನುಶ್ರೀಗೆ ನೋಯ್ಡಾಕ್ಕೆ ವರ್ಗವಾಗಿತ್ತು. ಹೊಸಬ ಫೈಲು ತೆಗೆದು ನೋಡಿದ.

"ಕಾಗದ ಕೊಡೋಕಾಗಲ್ಲ ಮಾತಾಜೀ. ದಾಖಲೆ."

"ಆ ಸಹಿ ಅವರದಲ್ಲ. ನಾನು ಹಾಕಿದ್ದು."

"ಇನ್ನೊಬ್ಬರ ಸಹಿ ಹಾಕಿದ್ದೀರಾ? ಅದನ್ನ ಜೋರಾಗಿ ಹೇಳ್ಬೇಡಿ, ನಿಮ್ಮ ಮೇಲೇ ಕೇಸಾಗುತ್ತೆ. ಮನೆಗೆ ಹೋಗಿ."

"ಆಗಲಿ, ಕೇಸು ಹಾಕಿ. ಅವರದಲ್ಲ ಅಂತ ಬರ್ಕೊಳ್ಳಿ."

ಅವನು ಫೈಲು ಬೀರುವಿಗೆ ಇಟ್ಟು ಫೋನು ಎತ್ತಿಕೊಂಡ.

ಗೇಟಿನಲ್ಲಿ ಅನೂಪ್ ಎದ್ದು ತನ್ನ ಸ್ಟೂಲು ಕೊಟ್ಟ. ಅವಳು ಕೂರಲಿಲ್ಲ. ಬಿಳೀ ಶೂ ಹಾಕಿದ ಜನ ಒಳಗೆ ಹೋಗುತ್ತಿದ್ದರು.

"ಬಿಡಿ ಚಾಚೀ," ಎಂದ ಅನೂಪ್. "ಫೈಲಲ್ಲಿರೋ ಕಾಗದ. ಅದನ್ನ ಯಾರು ಓದ್ತಾರೆ?"

"ಅವರು ಓದಿದ್ರಲ್ಲಪ್ಪ," ಎಂದಳು ಸುಶೀಲಮ್ಮ.