ತವರಿನ ಹೆಪ್ಪು

ಕುಷ್ಟಗಿ ಕಡೆಯ ಒಂದು ಹೊಲದಲ್ಲಿ, ಗೆಣಸಿನ ಬಳ್ಳಿಯನ್ನು ಊರುವ ಮೊದಲು ಜೀವಾಣು ಗೊಬ್ಬರದ ನೀರಿನಲ್ಲಿ ಅದ್ದುವುದನ್ನು ತೋರಿಸುತ್ತಿದ್ದೆ. ಬೆಲ್ಲದ ನೀರಿಗೆ ನಾನು ತಂದ ಪುಡಿ ಕಲಸಬೇಕು, ಅಷ್ಟೇ. ಹೊಲದ ಒಡತಿ ಗೌರವ್ವನಿಗೆ ನಂಬಿಕೆ ಬರಲಿಲ್ಲ.

"ಹಾಲಿಗೆ ಹೆಪ್ಪು ಹಾಕಿದಂಗ ತಿಳ್ಕೋರಿ ಅಕ್ಕಾರ. ಕಣ್ಣಿಗೆ ಕಾಣಲಾರದ ಜೀವ ಮಣ್ಣಾಗ ಬೆಳಿತಾವ. ಯೂರಿಯಾದಂಥ ಸರಕಾರಿ ಗೊಬ್ಬರ ಕಡಿಮಿ ಸಾಕು," ಅಂದೆ.

"ಹೆಪ್ಪೇನು?" ಅಂದವಳೇ ಮನೆಗೆ ಹೋಗಿ ಅರಿವೆಯ ಗಂಟೊಂದನ್ನು ತಂದಳು. ಒಳಗೆ ಒಣಮಣ್ಣು.

"ಗಂಗಾವತಿ ಕಡೆ ನಮ್ಮವ್ವನ ಗೆಣಸಿನ ಹೊಲದ್ದು. ಅದನ್ನ ನೆಲ್ಲಿನ ಗದ್ದಿ ಮಾಡೋ ಮುಂದ ಕಟ್ಕೊಂಡು ಬಂದೆ. ಆ ರುಚಿ ಮತ್ತ ಎಲ್ಲೂ ಸಿಗಲಿಲ್ರಿ. ಇದನ್ನೂ ಕಲಸ್ರಿ."

ವರ್ಷಗಟ್ಟಲೆ ಒಣಗಿದ ಮಣ್ಣಿನಲ್ಲಿ ಏನು ಬದುಕಿದ್ದೀತು? ಆದರೂ ಅವಳು ಕೈಗೆ ಸುರಿದಿದ್ದನ್ನು ಕಲಸಿದೆ.

ಗೆಣಸು ಕಿತ್ತ ಮೇಲೆ ಹೋದಾಗ ಕುದಿಸಿ ಮುಂದಿಟ್ಟಳು. ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು.

"ಛಲೋ ಅದಾವ್ರಿ. ನಿಮ್ಮ ಹೆಪ್ಪು ಹತ್ತೇತಿ. ನಮ್ಮವ್ವಂದು ಹತ್ತಿಲ್ಲ."

ಇದ್ದ ಮಣ್ಣೂ ಮುಗಿಯಿತಲ್ಲ ಎಂದು ನಾನು ಪೇಚಾಡಿದೆ.

"ಮುಗಿದಿಲ್ಲ ಬಿಡ್ರಿ," ಅಂದಳು. "ಹೆಪ್ಪನ್ನ ಯಾರರ ಎಲ್ಲಾ ಒಮ್ಮೆಲೇ ಹಾಕ್ತಾರೇನು?"