ಒಳ್ಳೆ ನೀರಿನ ತೊಟ್ಟಿ

ನಮ್ಮ ಮೇಡಂ ಮೀನಿನ ಡಾಕ್ಟರಲ್ಲ. ಕಾಲೇಜಿನ ಗೇಟು ಕಾಯುವವನಿಗೆ ಹದಿನೆಂಟು ವರ್ಷದಿಂದ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಅವರು ಮೀನನ್ನು ಗುಣಪಡಿಸುವುದಿಲ್ಲ, ಕೊಯ್ದು ನೋಡುತ್ತಾರೆ. ಕೊಯ್ಯುವವನು ನಾನು. ಗಂಡು ಮೀನಿನ ವೃಷಣವನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಗಾಜಿಗೆ ಅಂಟಿಸಿ, ಬಣ್ಣ ಹಾಕಿ ಕೊಡುತ್ತೇನೆ. ಮೇಡಂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಮುಗಿಯಿತು, ಪಕ್ಕದಲ್ಲಿಟ್ಟ ಚಹಾ ಕೆನೆಗಟ್ಟಿದರೂ ಅವರಿಗೆ ಗೊತ್ತಾಗುವುದಿಲ್ಲ.

ಕಾರ್ಖಾನೆಗಳ ಮೋರಿ ಸೇರುವ ಹೊಳೆಯಲ್ಲಿ ಗಂಡು ಮೀನುಗಳ ವೃಷಣದೊಳಗೆ ಮೊಟ್ಟೆ ಕಾಣಿಸುತ್ತಿತ್ತು. ನೀರಿನಲ್ಲಿ ಕರಗಿದ ಯಾವುದೋ ರಾಸಾಯನಿಕ ಹೆಣ್ಣಿನ ಹಾರ್ಮೋನಿನ ವೇಷ ಹಾಕಿ ಮೀನಿನ ಮೈಯನ್ನು ಯಾಮಾರಿಸುತ್ತಿದೆ ಎಂಬುದು ಮೇಡಂ ವಾದ. ಹುಡುಗರು ಬೆನ್ನ ಹಿಂದೆ ಅವರನ್ನು 'ಮೊಟ್ಟೆ ಮೇಡಂ' ಎನ್ನುತ್ತಾರೆ. ಅದಕ್ಕೆಲ್ಲ ಸೊಪ್ಪು ಹಾಕುವ ಹೆಂಗಸಲ್ಲ. ಒಮ್ಮೆ ಕಾರ್ಖಾನೆಯ ಮ್ಯಾನೇಜರನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ನೀರಿಳಿಸಿದ್ದರು.

ಅವರ ಕೆಲಸಕ್ಕೆ ಎರಡು ತೊಟ್ಟಿ ಬೇಕು. ಒಂದರಲ್ಲಿ ಹೊಳೆ ನೀರು, ಇನ್ನೊಂದರಲ್ಲಿ ಶುದ್ಧ ನೀರು, ಎರಡರಲ್ಲೂ ಒಂದೇ ತಾಯಿಯ ಮರಿಗಳು. ನಲ್ಲಿ ನೀರು ಹಾಕಿದರೆ ಕ್ಲೋರಿನ್‌ಗೆ ಮರಿಗಳು ಸಾಯುತ್ತಿದ್ದವು. "ನಮ್ಮನೆ ಬಾವಿ ನೀರು ತರ್ತೀನಿ ಮೇಡಂ, ಅಮೃತ ಇದ್ದಂಗಿದೆ" ಎಂದವನು ನಾನೇ. ಅಂದಿನಿಂದ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಎರಡು ಕ್ಯಾನು ಹೊತ್ತೆ. ತೊಟ್ಟಿಗೆ 'ಒಳ್ಳೆ ನೀರು' ಎಂದು ಚೀಟಿ ಬರೆದು ಅಂಟಿಸಿದವನೂ ನಾನೇ.

ಕಳೆದ ಚಳಿಗಾಲದಲ್ಲಿ ಮೇಡಂ ಸ್ಲೈಡಿನ ಪೆಟ್ಟಿಗೆಯನ್ನು ನನ್ನ ಮುಂದೆ ತಳ್ಳಿದರು.

"ಒಳ್ಳೆ ನೀರಿನ ಗಂಡುಗಳಲ್ಲೂ ಮೊಟ್ಟೆ ಇದೆ. ಸ್ಲೈಡು ಅದಲು ಬದಲು ಆಯ್ತಾ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಇಷ್ಟು ವರ್ಷದಲ್ಲಿ ಒಂದ್ಸಲ ಆದ್ರೂ ಮಾಡಿದೀನಾ? ನಂಬಿಕೆ ಇಲ್ಲ ಅಂದ್ರೆ ನೀವೇ ಹೆರ್ಕೊಳ್ಳಿ!" ಎಂದು ಕೈಗವಸು ಕಿತ್ತೆಸೆದೆ.

ಅವರು ಹಾಗೆಯೇ ಮಾಡಿದರು. ಹೊಸ ತೊಟ್ಟಿ, ಹೊಸ ಮರಿ, ಕೋಣೆಯ ಬೀಗದ ಕೈ ಅವರ ಚೀಲದಲ್ಲಿ. ನಾನು ಕ್ಯಾನುಗಳನ್ನು ಬಾಗಿಲ ಹೊರಗೆ ಇಟ್ಟು ಬರುತ್ತಿದ್ದೆ. ನಾಲ್ಕು ತಿಂಗಳು ಹೂಂ, ಊಹೂಂ ಬಿಟ್ಟರೆ ನಮ್ಮಿಬ್ಬರಲ್ಲಿ ಮಾತಿಲ್ಲ. ಒಂದು ದಿನ ಹೆರೆಯುವಾಗ ಬೆರಳು ಕೊಯ್ದುಕೊಂಡರು. ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಪಟ್ಟೆ.

ಹೋದ ವಾರ ಅವರಾಗಿಯೇ ನನ್ನ ಮೇಜಿನ ಬಳಿ ಬಂದರು. ಮುಖ ಬಿಳಿಚಿಕೊಂಡಿತ್ತು.

"ಹತ್ತು ಗಂಡಲ್ಲಿ ಆರಕ್ಕೆ ಮೊಟ್ಟೆ. ನಾನೇ ಹೆರೆದಿದ್ದು. ನಿಮ್ಮ ತಪ್ಪಲ್ಲ, ನೀರೇ ಕೆಟ್ಟಿದೆ."

"ಅಯ್ಯೋ, ನಮ್ಮ ಬಾವಿಗೂ ಹೊಳೆಗೂ ಎಲ್ಲಿಂದೆಲ್ಲಿಗೆ ಮೇಡಂ!"

"ನೆಲದೊಳಗೆ ಬೇಲಿ ಇರುತ್ತಾ?" ಅವರು ಸ್ಟೂಲು ಎಳೆದುಕೊಂಡು ಕುಳಿತರು. "ಇನ್ನೊಂದು ಹೇಳ್ಬೇಕು. ಎರಡು ವರ್ಷದ ಹಿಂದೆನೂ ಹೀಗೇ ಕಂಡಿತ್ತು. ನೀವೇ ಎಲ್ಲೋ ಎಡವಿದೀರಿ ಅಂದ್ಕೊಂಡೆ. ಕೇಳಿದ್ರೆ ಎಗರಾಡ್ತೀರಿ ಅಂತ ಕೇಳಲಿಲ್ಲ. ಸ್ಲೈಡೆಲ್ಲ ಕಸಕ್ಕೆ ಹಾಕ್ದೆ."

ಮ್ಯಾನೇಜರಿಗೆ ಹೆದರದ ಹೆಂಗಸು ನನ್ನ ಸಿಡುಕಿಗೆ ಹೆದರಿದ್ದರು.

"ಎರಡು ವರ್ಷ! ಮೇಡಂ, ನನ್ನ ಮಗಳು, ಅಳಿಯ ನಮ್ಮ ಜೊತೆಗೇ ಇರೋದು. ಮಗಳಿಗೀಗ ಐದು ತಿಂಗಳು. ಅದೇ ನೀರು ಕುಡೀತಾಳೆ."

"ಮನುಷ್ಯರಿಗೆ ಏನಾಗುತ್ತೋ ನಂಗೊತ್ತಿಲ್ಲ. ಏನೂ ಆಗಲ್ಲ ಅಂತ ಹೇಳೋಕೂ ಆಗಲ್ಲ" ಎಂದರು. ಆಮೇಲೆ, "ಬೈಯ್ರಿ ನನ್ನ. ಬೈದುಬಿಡಿ" ಎಂದರು.

ಊರಿಗೆಲ್ಲ ಬೈಯುವ ನಾನು ಅವತ್ತು ಕ್ಯಾನುಗಳನ್ನು ಅಲ್ಲೇ ಬಿಟ್ಟು ಮನೆಗೆ ಹೊರಟೆ.

ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರಲ್ಲಿ ಲೋಟ.

"ಆ ನೀರು ಕುಡೀಬೇಡ ಕಣಮ್ಮಾ!" ಎಂದು ಕೂಗಿದೆ.

"ಏನಪ್ಪಾ ನೀನು! ದಿನಾ ಮೀನಿಗೆ ಒಳ್ಳೆ ನೀರು ಅಂತ ಹೊತ್ಕೊಂಡೋಗ್ತೀಯ, ಮಗಳಿಗೆ ಒಂದು ಲೋಟ ಕೊಡೋಕೆ ಜಿಪುಣತನವಾ?" ಎಂದು ನಕ್ಕಳು.

ಲೋಟ ಕಿತ್ತುಕೊಂಡೆ. ಅದು ಆಗಲೇ ಖಾಲಿಯಾಗಿತ್ತು.