ಜೀಪಿನ ಪಾಟಾ, ಮಡಿಲಿನ ಕೂಸು

"ಕೂಸು ಎದ್ದರ ಕೆಲಸ ಆಗಿಲ್ಲಂತ ತಿಳೀರಿ, ಅಣ್ಣಾರ. ನಡೀರಿ!" ಎಂದು ಕಂಬಾರರ ತುಳಸವ್ವ, ಮಲಗಿದ್ದ ಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಜೀಪಿನ ಹಿಂಬದಿಗೆ ಹತ್ತಿ ಕುಳಿತಾಗ ನಾನು ದಂಗಾದೆ.

ಜಮಖಂಡಿ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲವದು. ಹರಾಜಿನಲ್ಲಿ ಕೊಂಡ ಯುದ್ಧಕಾಲದ ಜೀಪಿಗೆ ಟ್ರೇಲರ್ ಕಟ್ಟಿ, ನೀರೆತ್ತುವ ಎಂಜಿನ್ನುಗಳನ್ನು ಗಲಗಲಿಯ ಹೊಳೆದಂಡೆಗೆ ಎಳೆದೊಯ್ಯುತ್ತಿದ್ದೆ. ನಾಲ್ಕೂ ಗಾಲಿ ಎಳೆಯುವ ಗಟ್ಟಿ ಗಾಡಿ. ಆದರೆ ಹಿಂದಿನ ಪಾಟಾ, ಅಂದರೆ ಸ್ಪ್ರಿಂಗಿನ ಉಕ್ಕಿನ ಪಟ್ಟಿಗಳು ಸವೆದಿದ್ದವು. ಭಾರಕ್ಕೆ ಹಿಂಬದಿ ಕುಸಿದು, ಮೂತಿ ಮೇಲೆದ್ದು, ಸ್ಟೇರಿಂಗ್ ಹಿಡಿತಕ್ಕೇ ಸಿಗುತ್ತಿರಲಿಲ್ಲ. ತುಳಸವ್ವ ಮತ್ತು ಅವಳ ಗಂಡ ಎರಡೂ ಬದಿಗೆ ಹೊಸ ಪಾಟಾ ಬಡಿದು ಕೂರಿಸಿದ್ದರು.

ಎಂಜಿನ್ ಹೇರಿಕೊಂಡೇ ಹೊರಟೆವು. ಹಿಂಬದಿ ಕುಸಿಯಲಿಲ್ಲ, ನನಗಷ್ಟೇ ಸಾಕಿತ್ತು. ಆದರೆ ಮೊದಲ ಹಳ್ಳದಲ್ಲೇ ಕೂಸು ಕಿರುಚಿ ಎದ್ದಿತು.

"ಇರಲಿ ಬಿಡವಾ, ಛಲೋ ಆಗೇತಿ," ಎಂದೆ.

"ಕುಸಿಯೂದಿಲ್ಲ ಖರೆ, ಆದ್ರ ಪಾಟಾ ಬಿರುಸಾಗಿ ಒದೀತೈತಿ. ಗಾಡಿ ತಿರುಗಸ್ರಿ," ಎಂದಳು.

ಪಾಟಾ ಬಿಚ್ಚಿ ಮತ್ತೆ ಕುಲುಮೆಗೆ ಹಾಕಿದರು. ಗಂಡ ಇಕ್ಕಳದಲ್ಲಿ ಹಿಡಿದುಕೊಂಡ. ದೊಡ್ಡ ಸುತ್ತಿಗೆ ಎತ್ತಿ ಬಡಿದವಳು ಅವಳೇ. ಸಂಜೆ ಅದೇ ಭಾರ ಎಳೆದುಕೊಂಡು ಅದೇ ಹಳ್ಳ ದಾಟಿ, ಹಿಂತಿರುಗಿ ನೋಡಿದೆ. ತುಳಸವ್ವನ ಮಡಿಲಲ್ಲಿ ಕೂಸು ಬಾಯಿ ತೆರೆದುಕೊಂಡು ಮಲಗಿತ್ತು.

ಆ ಜೀಪು ಎಂದೋ ಗುಜರಿ ಸೇರಿತು. ಆದರೆ ಯಾವುದೇ ಕೆಲಸ ಮುಗಿಸಿ 'ಆತು' ಎನ್ನುವ ಮೊದಲು, ಹಿಂದೆ ಕೂಸು ಮಲಗಿದೆಯೇ ಎಂದು ನಾನು ಇಂದಿಗೂ ಒಮ್ಮೆ ತಿರುಗಿ ನೋಡುತ್ತೇನೆ.